ಗಡ್ಡದ ಓತಿಗೆ ಒಂದು ಮನೆ

ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ನೆಲೆಸಿರುವ ನಮ್ಮ ಓದುಗ ಸಹೋದರಿಯೊಬ್ಬರು ಕಳೆದ ತಿಂಗಳು ಈ ಅಂಕಣಕ್ಕೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಅವರ ಹತ್ತು ವರ್ಷದ ಮಗಳು ಬಿಯರ್ಡೆಡ್ ಡ್ರ್ಯಾಗನ್ ಎಂಬ ಓತಿಯ ಮರಿಯನ್ನು ಸಾಕಲೇಬೇಕೆಂದು ಹಟ ಹಿಡಿದಿದ್ದಾಳೆ. ಶಾಲೆಯ ಗೆಳತಿಯ ಮನೆಯಲ್ಲಿ ಅದನ್ನು ಕಂಡು ಬಂದಂದಿನಿಂದ ಬೇರೆ ಮಾತೇ ಇಲ್ಲವಂತೆ. ತಾಯಿಯ ಪ್ರಶ್ನೆಗಳು ಎರಡು. ಮರಿಗೆ ಎಂಥ ಮನೆಯನ್ನು ಸಿದ್ಧಪಡಿಸಬೇಕು ಎಂಬುದು ಮೊದಲನೆಯದು. ಅದು ಹುಳು ತಿನ್ನುವ ಪ್ರಾಣಿಯಂತೆ. ನಿತ್ಯವೂ ಇಷ್ಟಲಿಂಗ ಪೂಜೆ ನಡೆಯುವ ನಮ್ಮ ಮನೆಯಲ್ಲಿ ಬರಿಯ ಸೊಪ್ಪು ತರಕಾರಿಯನ್ನು ಕೊಟ್ಟು ಅದನ್ನು ಬೆಳೆಸಲು ಬಾರದೆ ಎಂಬುದು ಎರಡನೆಯದು.

ಉತ್ತರಿಸುವ ಮುನ್ನ ನನ್ನದೊಂದು ತಪ್ಪನ್ನು ಓದುಗ ಬಂಧುಗಳೆದುರು ಒಪ್ಪಿಕೊಳ್ಳಬೇಕಾಗಿದೆ. 2022ರ ಆಗಸ್ಟ್ ತಿಂಗಳಿನಲ್ಲಿ ಸಿಡ್ನಿಯಲ್ಲಿರುವ ನನ್ನ ತಂಗಿಯ ಮಗಳು ದೂರವಾಣಿಯಲ್ಲಿ ಇದೇ ಪ್ರಶ್ನೆಯನ್ನು ಕೇಳಿದ್ದಳು. "ಹುಡುಗ ಓತಿ ಮರಿ ತಂದಾನ್ರೀ ಮಾವ. ಜೀವ ಇರೋ ಹುಳಾನ ಹಾಕಬೇಕಂತಾರ. ನಮ್ಮ ಮನ್ಯಾಗ ಅದು ಹೆಂಗ ಆಗತೈತ್ರೀ?" ನಾನು ಒಂದು ಕ್ಷಣವೂ ಯೋಚಿಸದೆ "ಸೊಪ್ಪು ಹಾಕವ್ವ, ಹಾಕಿದ್ದು ತಿಂತೈತಿ" ಎಂದುಬಿಟ್ಟೆ. ಆಹಾರದಂತೆ ಗುಣ ಎಂಬ ವಿಷಯವಾಗಿ ಒಂದು ಸಣ್ಣ ಉಪನ್ಯಾಸವನ್ನೂ ಕೊಟ್ಟೆ. ಮಠದಲ್ಲಿ ಹನ್ನೆರಡು ವರ್ಷ ವ್ಯಾಕರಣವನ್ನೂ ವಚನ ಸಾಹಿತ್ಯವನ್ನೂ ಓದಿದವನಿಗೆ ಓತಿಯ ಹೊಟ್ಟೆಯ ಶಾಸ್ತ್ರ ತಿಳಿದಿರಬೇಕಾಗಿರಲಿಲ್ಲ. ಆದರೆ ನನಗಿದು ತಿಳಿಯದು ಎಂದು ಹೇಳಲು ತಿಳಿದಿರಬೇಕಾಗಿತ್ತು.

ಅಕ್ಟೋಬರಿನಲ್ಲಿ ನಾನು ಸಿಡ್ನಿಗೆ ಹೋದಾಗ ಆ ಮರಿಗೆ ನಾಲ್ಕು ತಿಂಗಳು. ಗಾಜಿನ ಪೆಟ್ಟಿಗೆಯೊಳಗೆ ಮರಳಿನ ಮೇಲೆ ಹೊಟ್ಟೆಯನ್ನೆಳೆಯುತ್ತ ತೆವಳುತ್ತಿತ್ತು. ಕಾಲಿನ ಬೆರಳುಗಳು ತಮ್ಮಷ್ಟಕ್ಕೆ ನಡುಗುತ್ತಿದ್ದವು. ಹುಡುಗ ತನ್ನ ಕೈಯಾರೆ ಸೊಪ್ಪಿನ ಚೂರನ್ನು ಬಾಯ ಬಳಿ ಹಿಡಿದರೆ ಅದನ್ನು ಕಚ್ಚಲೂ ಶಕ್ತಿಯಿರಲಿಲ್ಲ. ಪಶುವೈದ್ಯೆಯ ಬಳಿಗೆ ಒಯ್ದೆವು. ಅವರು ಮರಿಯ ಕೆಳದವಡೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಒತ್ತಿದರು. ಅದು ರಬ್ಬರಿನಂತೆ ಬಾಗಿತು. ಎಕ್ಸ್‌ರೇ ಚಿತ್ರದಲ್ಲಿ ಎಲುಬುಗಳು ನೆರಳಿನಂತೆ ತೆಳ್ಳಗೆ ಕಂಡವು. ಮುಂಗಾಲೊಂದು ಬಾಗಿ ಸೊಟ್ಟಗಾಗಿತ್ತು. ಸುಣ್ಣದ ಅಂಶ ಸಾಲದೆ ಎಲುಬು ಕರಗುವ ರೋಗವಿದು, ಸಾಕಿದ ಮರಿಗಳಲ್ಲಿ ಬಹು ಸಾಮಾನ್ಯ ಎಂದರು. ಅವರು ಯಾರನ್ನೂ ಬೈಯಲಿಲ್ಲ. ಕಾರಿನಲ್ಲಿ ಹಿಂದಿರುಗುವಾಗ ಹುಡುಗ ಮಾತ್ರ ಕೇಳಿದ: "ಅಜ್ಜಾ, ಸೊಪ್ಪೇ ಸಾಕು ಅಂತ ನೀವೇ ಹೇಳಿದ್ರಿ ಅಲ್ಲಾ?" ನನ್ನಲ್ಲಿ ಉತ್ತರವಿರಲಿಲ್ಲ.

ಆ ಬಳಿಕ ಅಲ್ಲಿದ್ದ ಮೂರು ತಿಂಗಳ ಕಾಲ ನಾನೂ ಆ ಬಾಲಕನೂ ಕೂಡಿ ಆ ಪೆಟ್ಟಿಗೆಯನ್ನು ಮೊದಲಿಂದ ಕಟ್ಟಿದೆವು. ವೈದ್ಯೆ ಹೇಳಿದ್ದು, ಪುಸ್ತಕಗಳಲ್ಲಿ ಓದಿದ್ದು, ಕಣ್ಣಾರೆ ಕಂಡದ್ದು, ಇವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅತಿಥಿಯ ಪರಿಚಯವಾಗಲಿ. ಇದು ಆಸ್ಟ್ರೇಲಿಯಾ ಖಂಡದ ಒಳನಾಡಿನ ಜೀವಿ. ಮಳೆ ಕಡಿಮೆಯಾದ ಕುರುಚಲು ಕಾಡು, ಅರೆ ಮರುಭೂಮಿ ಇದರ ತವರು. ಬಿದ್ದ ಮರದ ಬೊಡ್ಡೆ, ಬೇಲಿಯ ಕಂಬ ಇವುಗಳ ತುದಿಗೇರಿ ಗಂಟೆಗಟ್ಟಲೆ ಬಿಸಿಲು ಕಾಯಿಸುತ್ತದೆ. 1926ರಲ್ಲಿ ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಅರ್ನ್ಸ್ಟ್ ಆಲ್ ಎಂಬವರು ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದರು. ಇಂದು ಇದರ ಶಾಸ್ತ್ರನಾಮ ಪೊಗೊನಾ ವಿಟ್ಟಿಸೆಪ್ಸ್. ಸಿಟ್ಟು ಬಂದಾಗ ಗಂಟಲ ಕೆಳಗಿನ ಮುಳ್ಳುಮುಳ್ಳಾದ ಚರ್ಮವನ್ನು ಉಬ್ಬಿಸಿ ಕಪ್ಪಗಾಗಿಸುವುದರಿಂದ ಗಡ್ಡದ ಹೆಸರು ಬಂದಿದೆ. ನಮ್ಮ ಹೊಲದ ಬದುವಿನಲ್ಲಿ ಕುಳಿತು ತಲೆ ಕುಣಿಸುವ ಓತಿಕ್ಯಾತ ಇದರ ದಾಯಾದಿ. ತೇಜಸ್ವಿಯವರ 'ಕರ್ವಾಲೊ' ಓದಿದವರಿಗೆ ಪರಿಚಿತವಾದ ಹಾರುವ ಓತಿಯೂ ಇದೇ ಕುಟುಂಬದ್ದು. ಹಾಗೆಂದು ನಮ್ಮ ಊರಿನ ಓತಿಯನ್ನು ಹಿಡಿದು ತಂದು ಡಬ್ಬಿಯಲ್ಲಿ ಕೂಡಿಡಲು ಯಾರೂ ಹೋಗಬಾರದು. ಕಾಡುಜೀವಿಯ ಜಾಗ ಕಾಡು. ಆಸ್ಟ್ರೇಲಿಯಾದಲ್ಲಿಯೂ ಕಾಡಿನ ಡ್ರ್ಯಾಗನ್ನನ್ನು ಹಿಡಿದು ತರುವಂತಿಲ್ಲ. ಮನೆಯಲ್ಲಿ ಹುಟ್ಟಿ ಬೆಳೆದ ಮರಿಯನ್ನೇ ಕೊಳ್ಳಬೇಕು; ವಿಕ್ಟೋರಿಯಾ, ನ್ಯೂ ಸೌತ್ ವೇಲ್ಸ್ ಎರಡೂ ರಾಜ್ಯಗಳಲ್ಲಿ ಅದಕ್ಕೆ ಲೈಸೆನ್ಸ್ ಬೇಕು. ಸಹೋದರಿಯವರು ಮೊದಲು ಅದನ್ನು ಪಡೆಯಲಿ.

ಈ ಪ್ರಾಣಿಯ ನೆತ್ತಿಯ ಮೇಲೆ ಒಂದು ಸಣ್ಣ ಚುಕ್ಕೆಯಿದೆ. ಅದು ಮೂರನೆಯ ಕಣ್ಣು ಎಂದು ಹುಡುಗ ತೋರಿಸಿದಾಗ ನಾನು ಪುಳಕಿತನಾದದ್ದು ಸುಳ್ಳಲ್ಲ. ಆದರೆ ಅದನ್ನು ಪುರಾಣಕ್ಕೆ ಎಳೆಯಬಾರದು. ಆ ಕಣ್ಣಿಗೆ ಆಕಾರ ಕಾಣದು. ಬೆಳಕು ಮತ್ತು ನೆರಳು ಮಾತ್ರ ತಿಳಿಯುತ್ತವೆ. ಮೇಲಿನಿಂದ ನೆರಳು ಬಿದ್ದರೆ ಹದ್ದು ಎರಗಿತೆಂದು ಮರಿ ಬೆದರುತ್ತದೆ. ಆದ್ದರಿಂದ ಮಕ್ಕಳು ಅದನ್ನು ಎತ್ತುವಾಗ ಕೈಯನ್ನು ಮೇಲಿನಿಂದ ಇಳಿಸದೆ ಪಕ್ಕದಿಂದ ತಂದು, ಎದೆ ಹೊಟ್ಟೆಗಳ ಕೆಳಗೆ ಅಂಗೈಯನ್ನು ಕೊಟ್ಟು, ನಾಲ್ಕೂ ಕಾಲುಗಳಿಗೆ ಆಧಾರವಾಗುವಂತೆ ಎತ್ತಬೇಕು.

ಈಗ ಮನೆಯ ಮಾತು. ಮೊಟ್ಟೆಯಿಂದ ಹೊರಬಂದಾಗ ಮರಿಯ ಉದ್ದ ಬಾಲವೂ ಸೇರಿ ಸುಮಾರು 10 ಸೆಂಟಿಮೀಟರ್. ಬೆಳೆದ ಮೇಲೆ 40ರಿಂದ 60 ಸೆಂಟಿಮೀಟರ್. ಒಂದು ವರ್ಷದೊಳಗೇ ಬಹುಪಾಲು ಬೆಳೆದುಬಿಡುತ್ತದೆ. ಸಣ್ಣ ಮರಿಗೆ 90 ಸೆಂಟಿಮೀಟರ್ ಉದ್ದದ ಪೆಟ್ಟಿಗೆ ಸಾಕಾದರೂ ಬೆಳೆದದ್ದಕ್ಕೆ ಕನಿಷ್ಠ 120 ಸೆಂಟಿಮೀಟರ್ ಉದ್ದ, 60 ಅಗಲ, 60 ಎತ್ತರ ಬೇಕು. ಎರಡು ಸಲ ಖರ್ಚು ಮಾಡಲು ಒಲ್ಲದವರು ದೊಡ್ಡದನ್ನೇ ಕೊಂಡು, ಮರಿಗೆ ಬೆದರಿಕೆಯಾಗದಂತೆ ಒಳಗೆ ಅಡಗುವ ತಾಣಗಳನ್ನು ಹೆಚ್ಚಾಗಿ ಇರಿಸಬಹುದು. ಗಾಳಿಯಾಡುವಂತಿರಬೇಕು, ಒಳಗೆ ತೇವ ನಿಲ್ಲಬಾರದು. ಒಂದು ಪೆಟ್ಟಿಗೆಯಲ್ಲಿ ಒಂದೇ ಮರಿ. ಜೊತೆಯಿಲ್ಲದೆ ಬೇಸರವಾದೀತೆಂದು ಎರಡನ್ನು ತಂದರೆ ಬಲವಾದದ್ದು ಬಡವಾದದ್ದರ ಬಾಲದ ತುದಿಯನ್ನೂ ಬೆರಳನ್ನೂ ಕಚ್ಚಿ ತೆಗೆಯುತ್ತದೆ. ಇದು ಒಂಟಿಯಾಗಿ ಬಾಳುವ ಪ್ರಾಣಿ, ನಮ್ಮ ಕರುಣೆ ಇಲ್ಲಿ ಅದಕ್ಕೆ ಬೇಕಿಲ್ಲ.

ಓತಿಯ ಮೈ ನಮ್ಮಂತೆ ತಾನೇ ಕಾವನ್ನು ಹುಟ್ಟಿಸಿಕೊಳ್ಳದು. ಬಿಸಿಯ ಕಡೆಗೆ ಹೋಗಿ ಕಾಯಿಸಿಕೊಳ್ಳಬೇಕು, ಸಾಕಾದಾಗ ತಂಪಿನ ಕಡೆಗೆ ಸರಿಯಬೇಕು. ಆದಕಾರಣ ಪೆಟ್ಟಿಗೆಯ ಒಂದು ತುದಿ ಕಲಬುರ್ಗಿಯ ಮೇ ತಿಂಗಳ ಮಧ್ಯಾಹ್ನದಂತೆಯೂ ಇನ್ನೊಂದು ತುದಿ ಧಾರವಾಡದ ಹಿತವಾದ ಹಗಲಿನಂತೆಯೂ ಇರಬೇಕು. ಬಿಸಿಲು ಕಾಯಿಸುವ ಕೊಂಬೆಯ ಮೇಲೆ ಮರಿಗೆ 40ರಿಂದ 42 ಡಿಗ್ರಿ ಸೆಲ್ಸಿಯಸ್, ತಂಪಿನ ತುದಿಯಲ್ಲಿ 25ರಿಂದ 28. ಆ ಕೊಂಬೆಯ ಮೇಲೆ ಒಂದು ಬಲ್ಬು ಉರಿಯಬೇಕು. ಕಾವು ಮೇಲಿನಿಂದಲೇ ಬರಬೇಕು. ಕೆಳಗಿನಿಂದ ಕಾಯುವ ವಿದ್ಯುತ್ತಿನ ಬಿಸಿಕಲ್ಲನ್ನು ನಮ್ಮವರಿಗೂ ಮಾರಿದ್ದರು. ಅದರ ಮೇಲೆ ಮಲಗಿದ ಓತಿಗೆ ಹೊಟ್ಟೆ ಸುಡುವುದು ಬೇಗ ತಿಳಿಯದು. ಅದನ್ನು ಅದೇ ದಿನ ಕಿತ್ತು ಹಾಕಿದೆವು. ಅಂದಾಜಿನ ಮಾತು ಇಲ್ಲಿ ನಡೆಯದು: ಕಡ್ಡಿಯುಳ್ಳ ಡಿಜಿಟಲ್ ಥರ್ಮಾಮೀಟರ್ ಎರಡು ಬೇಕು, ಬಲ್ಬಿನ ಕಾವನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಒಂದು ಬೇಕು. ಗಾಜಿಗೆ ಅಂಟಿಸುವ ಅಗ್ಗದ ಗುಂಡು ಥರ್ಮಾಮೀಟರ್ ಗಾಳಿಯ ಕಾವನ್ನು ತೋರಿಸೀತೇ ಹೊರತು ಕೊಂಬೆಯ ಕಾವನ್ನಲ್ಲ. ರಾತ್ರಿ ಎಲ್ಲ ದೀಪಗಳೂ ಆರಬೇಕು. ಕೆಂಪು, ನೀಲಿ ಬಣ್ಣದ ರಾತ್ರಿ ದೀಪಗಳು ಬೇಡ, ಅವು ನಿದ್ದೆ ಕೆಡಿಸುತ್ತವೆ. ಸುಮಾರು 18 ಡಿಗ್ರಿಯವರೆಗೆ ಇಳಿದರೂ ಆರೋಗ್ಯವಂತ ಮರಿಗೆ ಚಿಂತೆಯಿಲ್ಲ.

ಕಾವು ಇದ್ದ ಮಾತ್ರಕ್ಕೆ ಬಿಸಿಲು ಬಂದಂತಾಗಲಿಲ್ಲ. ನಮ್ಮ ಮನೆಯವರು ಎಡವಿದ್ದು ಇಲ್ಲಿಯೇ. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ಕಿರಣವೊಂದಿದೆ, ಯುವಿಬಿ ಎಂದು ಕರೆಯುತ್ತಾರೆ. ಅದು ಚರ್ಮಕ್ಕೆ ತಾಗಿದಾಗ ಡಿ ಜೀವಸತ್ವ ಹುಟ್ಟುತ್ತದೆ. ಆ ಜೀವಸತ್ವವಿದ್ದರೆ ಮಾತ್ರ ತಿಂದ ಸುಣ್ಣದ ಅಂಶ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಎಲುಬಿಗೆ ಸೇರುತ್ತದೆ. ಅದಿಲ್ಲವಾದರೆ ದೇಹವು ಎಲುಬಿನಲ್ಲಿದ್ದ ಸುಣ್ಣವನ್ನೇ ಕರಗಿಸಿ ರಕ್ತಕ್ಕೆ ಒದಗಿಸುತ್ತದೆ. ಬೆಳೆಯುವ ಮರಿಯಲ್ಲಿ ಈ ಅನಾಹುತ ಕೆಲವೇ ವಾರಗಳಲ್ಲಿ ಆಗಿಹೋಗುತ್ತದೆ. ಕಿಟಕಿಯ ಬಳಿ ಇಟ್ಟಿದ್ದೆವಲ್ಲ, ಬಿಸಿಲು ಬೀಳುತ್ತಿತ್ತಲ್ಲ ಎಂದು ನನ್ನ ಸೊಸೆ ಅತ್ತಳು. ಕಿಟಕಿಯ ಗಾಜು ಬೆಳಕನ್ನು ಬಿಡುತ್ತದೆ, ಕಾವನ್ನೂ ಬಿಡುತ್ತದೆ, ಈ ಕಿರಣವನ್ನು ಮಾತ್ರ ತಡೆದುಬಿಡುತ್ತದೆ. ಅದು ಯಾರಿಗೂ ಕಣ್ಣಿಗೆ ಕಾಣುವ ಸಂಗತಿಯಲ್ಲ.

ಆದ್ದರಿಂದ ಮರುಭೂಮಿಯ ಸರೀಸೃಪಗಳಿಗೆಂದೇ ತಯಾರಿಸಿದ ಯುವಿಬಿ ಟ್ಯೂಬ್‌ಲೈಟು ಅನಿವಾರ್ಯ. ಅಂಗಡಿಯಲ್ಲಿ ಟಿ5 ನಮೂನೆಯ 10 ಅಥವಾ 12 ಪ್ರತಿಶತದ ಉದ್ದ ಟ್ಯೂಬು ಎಂದು ಕೇಳಬೇಕು. ಸುರುಳಿಯಾಕಾರದ ಗಿಡ್ಡ ಬಲ್ಬು ಸಾಲದು. ಅದು ಪೆಟ್ಟಿಗೆಯ ಅರ್ಧಕ್ಕಿಂತ ಹೆಚ್ಚು ಉದ್ದವನ್ನು ಆವರಿಸಬೇಕು, ಬಿಸಿಲು ಕಾಯಿಸುವ ಕೊಂಬೆಯ ಮೇಲೂ ಬೀಳಬೇಕು. ನಡುವೆ ಗಾಜು, ಪ್ಲಾಸ್ಟಿಕ್ ಇರಕೂಡದು. ತಂತಿಯ ಜಾಲರಿಯಿದ್ದರೂ ಕಿರಣದ ಒಂದು ಪಾಲು ಸೋರಿಹೋಗುತ್ತದೆ. ಟ್ಯೂಬಿಗೂ ಕೊಂಬೆಗೂ ಎಷ್ಟು ಅಂತರವಿರಬೇಕೆಂಬುದನ್ನು ತಯಾರಕರು ಡಬ್ಬಿಯ ಮೇಲೆ ಬರೆದಿರುತ್ತಾರೆ, ಅದನ್ನು ಮೀರಬಾರದು. ಇನ್ನೊಂದು ಸೂಕ್ಷ್ಮವಿದೆ. ಟ್ಯೂಬು ಬೆಳಗುತ್ತಿದ್ದ ಮಾತ್ರಕ್ಕೆ ಕಿರಣ ಬರುತ್ತಿದೆಯೆಂದಲ್ಲ. ಆರು ತಿಂಗಳಿಗೋ ವರ್ಷಕ್ಕೋ ಕಿರಣದ ಶಕ್ತಿ ಕುಂದುತ್ತದೆ, ಬೆಳಕು ಮಾತ್ರ ಹಾಗೆಯೇ ಇರುತ್ತದೆ. ಹುಡುಗ ಟ್ಯೂಬಿನ ತುದಿಗೆ ಕಾಗದ ಅಂಟಿಸಿ ಹಾಕಿದ ದಿನಾಂಕವನ್ನು ಬರೆದ. ದಿನಕ್ಕೆ 12ರಿಂದ 14 ಗಂಟೆ ದೀಪ ಉರಿಯಲು ಟೈಮರ್ ಜೋಡಿಸಿದರೆ ಮರೆವಿನ ಭಯವಿಲ್ಲ. ಬೆಚ್ಚನೆಯ ದಿನ ಅಂಗಳದಲ್ಲಿ ಜಾಲರಿಯ ಪಂಜರದೊಳಗೆ, ನೆರಳಿನ ಮೂಲೆಯನ್ನೂ ಇರಿಸಿ, ಸ್ವಲ್ಪ ಹೊತ್ತು ನಿಜವಾದ ಬಿಸಿಲಿಗೆ ಬಿಡುವುದು ಎಲ್ಲಕ್ಕಿಂತ ಉತ್ತಮ. ಗಾಜಿನ ಪೆಟ್ಟಿಗೆಯನ್ನೇ ಬಿಸಿಲಿಗೆ ಒಯ್ದಿಟ್ಟರೆ ಒಳಗಿನ ಜೀವ ಬೆಂದು ಹೋದೀತು, ಎಚ್ಚರ.

ನೆಲಕ್ಕೆ ಮರಳು ನೋಡಲು ಚೆಂದ, ಮರಿಗೆ ಅಪಾಯ. ಆಹಾರದೊಡನೆ ಅದನ್ನೂ ನುಂಗಿ ಕರುಳು ಕಟ್ಟಿಕೊಳ್ಳಬಹುದು. ಹಳೆಯ ವೃತ್ತಪತ್ರಿಕೆ, ಅಡುಗೆಮನೆಯ ಒರೆಸುವ ಕಾಗದ ಅಥವಾ ಒರಟಾದ ಟೈಲ್ಸು ಸಾಕು. ದಿನವೂ ಬದಲಿಸಲು, ತೊಳೆಯಲು ಸುಲಭ. ಮೈಯಷ್ಟೇ ಅಗಲವಾದ ಒಂದು ಕೊಂಬೆ, ಅಡಗಲು ಒಂದೆರಡು ಗೂಡು, ತಗ್ಗಾದ ಬಟ್ಟಲಿನಲ್ಲಿ ನೀರು. ಇಷ್ಟಾದರೆ ಮನೆಯಾಯಿತು.

ಇನ್ನು ಕಠಿಣವಾದ ಭಾಗ. ಬೆಳೆದ ಓತಿಯ ಆಹಾರದಲ್ಲಿ ಸೊಪ್ಪು ತರಕಾರಿಯೇ ಹೆಚ್ಚು, ನೂರಕ್ಕೆ ಎಪ್ಪತ್ತು ಎಂಬತ್ತು ಪಾಲು. ಮರಿಯಲ್ಲಿ ಈ ಲೆಕ್ಕ ತಲೆಕೆಳಗು: ಎಪ್ಪತ್ತು ಎಂಬತ್ತು ಪಾಲು ಹುಳು, ಉಳಿದದ್ದು ಸೊಪ್ಪು. ಬೆಳೆಯುವ ಮೈಗೆ ಬೇಕಾದ ಸಸಾರಜನಕ ಸೊಪ್ಪಿನಲ್ಲಿಲ್ಲ. ನಾನು ಫೋನಿನಲ್ಲಿ ಹೇಳಿದ್ದು ಬೆಳೆದ ಓತಿಗೂ ಪೂರ್ತಿ ಸಲ್ಲದ ಮಾತು. ಎರಡು ತಿಂಗಳ ಮರಿಗಂತೂ ಅದು ವಿಷದ ಮಾತೇ ಆಯಿತು.

ಅಲ್ಲಿ ಕ್ರಿಕೆಟ್ ಎಂದು ಕರೆಯುವ, ನಮ್ಮಲ್ಲಿ ಮಳೆಗಾಲದ ರಾತ್ರಿ ಕಿರ್ರೆಂದು ಕೂಗುವ ಹುಳು ಮುಖ್ಯ ಆಹಾರ. ವುಡಿ ಎಂಬ ಸಣ್ಣ ಜಾತಿಯ ಜಿರಲೆಯನ್ನೂ ರೇಷ್ಮೆ ಹುಳುವನ್ನೂ ಮಾರುತ್ತಾರೆ. ಮರಿಯ ಎರಡು ಕಣ್ಣುಗಳ ನಡುವಣ ಅಂತರಕ್ಕಿಂತ ದೊಡ್ಡ ಹುಳುವನ್ನು ಕೊಡಬಾರದು. ದಿನಕ್ಕೆ ಎರಡು ಮೂರು ಬಾರಿ, ಹತ್ತು ಹದಿನೈದು ನಿಮಿಷದಲ್ಲಿ ತಿಂದಷ್ಟು. ಉಳಿದವನ್ನು ತೆಗೆಯದಿದ್ದರೆ ರಾತ್ರಿ ಅವೇ ಮರಿಯನ್ನು ಕಚ್ಚುತ್ತವೆ. ಕೊಡುವ ಹಿಂದಿನ ದಿನ ಹುಳುಗಳಿಗೂ ಗಜ್ಜರಿ, ಸೊಪ್ಪು ಹಾಕಿ ಹೊಟ್ಟೆ ತುಂಬಿಸಬೇಕು, ಏಕೆಂದರೆ ಅವು ಉಂಡದ್ದೇ ಮರಿಗೆ ಸಲ್ಲುತ್ತದೆ. ಹುಳುಗಳಲ್ಲಿ ರಂಜಕ ಹೆಚ್ಚು, ಸುಣ್ಣ ಕಡಿಮೆ. ಆದ್ದರಿಂದ ಅವುಗಳ ಮೇಲೆ ಕ್ಯಾಲ್ಸಿಯಂ ಪುಡಿಯನ್ನು ಉದುರಿಸಿಯೇ ಕೊಡಬೇಕು. ಜೀವಸತ್ವದ ಪುಡಿಯ ಪ್ರಮಾಣವನ್ನು ವೈದ್ಯರು ಹೇಳಲಿ. ಸೊಪ್ಪನ್ನು ಬೆಳಿಗ್ಗೆ ದಿನವೂ ಸಣ್ಣಗೆ ಹೆಚ್ಚಿ ಇಡಬೇಕು: ಸಾಸಿವೆ ಸೊಪ್ಪು, ಬಾಕ್ ಚಾಯ್, ಎಂಡೈವ್, ಸಿಹಿಗುಂಬಳದ ತುರಿ, ದಾಸವಾಳದ ಹೂವು ಮತ್ತು ಎಲೆ. ಪಾಲಕ್ ಸೊಪ್ಪು ನಿತ್ಯದ ಆಹಾರವಾಗಬಾರದು, ಅದರ ಆಕ್ಸಲೇಟ್ ಅಂಶ ಸುಣ್ಣವನ್ನು ಹಿಡಿದಿಟ್ಟುಬಿಡುತ್ತದೆ. ಬೆಣ್ಣೆಹಣ್ಣು ವಿಷ. ಮನೆಯ ಮೂಲೆಯಲ್ಲಿ ಸಿಕ್ಕ ಜಿರಲೆಯನ್ನೂ ಮಿಂಚುಹುಳುವನ್ನೂ ಎಂದಿಗೂ ಕೊಡಬಾರದು.

ಮೊದಲ ದಿನ ಹುಡುಗ ಹುಳುಗಳನ್ನು ಬಿಟ್ಟಾಗ ನಾನು ಮುಖ ತಿರುಗಿಸಿದೆ. ನನ್ನ ಸೊಸೆ ಕೋಣೆಯಿಂದಲೇ ಹೊರಟುಹೋದಳು. ವಾರದ ನಂತರ ರೇಷ್ಮೆ ಹುಳುವಿನ ಡಬ್ಬಿ ಬಂದಾಗ ಅವಳು ಅದನ್ನು ಮುಟ್ಟಲಿಲ್ಲ. "ನಿನ್ನ ಮದುವಿ ಸೀರೀಗೆ ಗೂಡಿನ್ಯಾಗಿನ ಹುಳಾ ಎಷ್ಟು ಬೆಂದಾವು ಗೊತ್ತೇನವ್ವ?" ಎಂದೆ. ರಾಮನಗರದ ಮಾರುಕಟ್ಟೆಯಲ್ಲಿ ಗೂಡುಗಳ ರಾಶಿಯನ್ನು ಕಂಡವನು ನಾನು. ನೂಲು ತೆಗೆಯುವ ಮುನ್ನ ಒಳಗಿನ ಜೀವವನ್ನು ಕಾವಿನಲ್ಲಿ ಕೊಲ್ಲುತ್ತಾರೆ, ಒಂದು ಸೀರೆಗೆ ಸಾವಿರಾರು. "ಅದು ಕಣ್ಣಿಗೆ ಕಾಣಂಗಿಲ್ಲಲ್ರೀ ಮಾವ" ಎಂದಳು. ಅವಳು ಹೇಳಿದ್ದು ಸತ್ಯವೇ. ಆದರೂ ಆ ಮಾತಿನಿಂದ ಈ ಹುಳುವಿನ ಸಾವು ಹಗುರವಾಗಲಿಲ್ಲ. ನನಗಾಗಲಿ ಅವಳಿಗಾಗಲಿ ಇಂದಿಗೂ ಆಗಿಲ್ಲ.

ಆದ್ದರಿಂದ ಸಹೋದರಿಯವರ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಹುಳು ಕೊಡಲು ನಿಮ್ಮ ಮನಸ್ಸು ಒಪ್ಪದಿದ್ದರೆ ಮರಿಯನ್ನು ತರಬೇಡಿ. ಅದರಲ್ಲಿ ಅವಮಾನವೇನೂ ಇಲ್ಲ. ಮಗಳಿಗೆ ಕಾರಣವನ್ನು ತಿಳಿಸಿ ಹೇಳಿದರೆ ಹತ್ತು ವರ್ಷದ ಮಗುವಿಗೆ ಅರ್ಥವಾಗುತ್ತದೆ. ತಂದ ಮೇಲೆ ಮಾತ್ರ ಅದರ ಹೊಟ್ಟೆ ಕೇಳಿದ್ದನ್ನು ಕೊಡಬೇಕು. ನಮ್ಮ ಮಠದ ದಾಸೋಹದಲ್ಲಿ ಬಡಿಸುತ್ತಿದ್ದ ಹಿರಿಯರು ಜ್ವರದಿಂದೆದ್ದವನಿಗೆ ಗಂಜಿ, ಗದ್ದೆಯಿಂದ ಬಂದವನಿಗೆ ರೊಟ್ಟಿ ಎಂದು ಮುಖ ನೋಡಿ ನೀಡುತ್ತಿದ್ದರು. ಎಲ್ಲರಿಗೂ ತಮಗೆ ರುಚಿಯಾದದ್ದನ್ನೇ ಬಡಿಸುತ್ತಿರಲಿಲ್ಲ. ಇವೆರಡರ ನಡುವೆ ಇನ್ನೊಂದು ದಾರಿಯೂ ಉಂಟು. ಸಾಕಲಾರದೆ ಜನ ಬಿಟ್ಟುಕೊಟ್ಟ ಬೆಳೆದ ಓತಿಗಳು ಪ್ರಾಣಿರಕ್ಷಣೆಯ ಕೇಂದ್ರಗಳಲ್ಲಿ ಮನೆಗಾಗಿ ಕಾದಿರುತ್ತವೆ. ಅವುಗಳಿಗೆ ಬಹುಪಾಲು ಸೊಪ್ಪು, ವಾರಕ್ಕೆ ಒಂದೆರಡು ಬಾರಿ ಹುಳು. ಹುಳು ಪೂರ್ತಿ ತಪ್ಪುವುದಿಲ್ಲ, ಆದರೆ ದಿನಕ್ಕೆ ಮೂರು ಬಾರಿಯ ಕೆಲಸವಲ್ಲ. ಹತ್ತು ಹನ್ನೆರಡು ವರ್ಷ ಬಾಳುವ ಪ್ರಾಣಿಯಾದ್ದರಿಂದ ಮಗಳು ಕಾಲೇಜಿಗೆ ಹೋದಾಗಲೂ ಅದು ಮನೆಯಲ್ಲಿರುತ್ತದೆ ಎಂಬುದನ್ನೂ ನೆನಪಿಡಬೇಕು.

ಪೂಜೆಯ ಕೋಣೆ ಮತ್ತು ಅಡುಗೆಮನೆಯಿಂದ ಪೆಟ್ಟಿಗೆ ದೂರವಿರಲಿ. ಇದು ಮಡಿಯ ಮಾತಲ್ಲ. ಆರೋಗ್ಯವಾಗಿರುವ ಓತಿಯ ಮಲದಲ್ಲಿಯೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. 2014ರಲ್ಲಿ ಅಮೆರಿಕದಲ್ಲಿ ಹಲವು ರಾಜ್ಯಗಳ ಜನ ಈ ಓತಿಗಳಿಂದಲೇ ಹೊಟ್ಟೆಯ ಸೋಂಕು ತಗಲಿ ಹಾಸಿಗೆ ಹಿಡಿದದ್ದು ವರದಿಯಾಗಿದೆ. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು, ಮುತ್ತಿಡಬಾರದು, ಅದರ ಬಟ್ಟಲುಗಳನ್ನು ಅಡುಗೆಯ ಸಿಂಕಿನಲ್ಲಿ ತೊಳೆಯಬಾರದು. ಐದು ವರ್ಷದೊಳಗಿನ ಮಕ್ಕಳೂ ನನ್ನಂಥ ವಯಸ್ಸಾದವರೂ ದೂರವಿದ್ದಷ್ಟು ಒಳ್ಳೆಯದು. ಈ ಕೊನೆಯ ನಿಯಮವನ್ನು ನಾನು ಸಿಡ್ನಿಯಲ್ಲಿ ಪಾಲಿಸಲಿಲ್ಲ.

ಆ ಮರಿ ಬದುಕಿತು. ದವಡೆ ಗಟ್ಟಿಯಾಗಲು ಎರಡು ತಿಂಗಳು ಹಿಡಿಯಿತು, ಮುಂಗಾಲು ಮಾತ್ರ ನೆಟ್ಟಗಾಗಲಿಲ್ಲ. ಈ ಓತಿಗಳು ತಮಗಿಂತ ದೊಡ್ಡದನ್ನು ಕಂಡಾಗ, ನಾನು ಜಗಳಕ್ಕೆ ಬಂದವನಲ್ಲ ಎಂದು ತಿಳಿಸಲು ಮುಂಗಾಲೊಂದನ್ನು ಎತ್ತಿ ನಿಧಾನವಾಗಿ ಬೀಸುತ್ತವೆ. ಮೊನ್ನೆ ಹುಡುಗ ಮೊಬೈಲಿನಲ್ಲಿ ಅದನ್ನು ತೋರಿಸಿದ. ಸೊಟ್ಟಗಾದ ಕಾಲನ್ನೇ ಎತ್ತಿ ಬೀಸಿತು.

ಮೆಲ್ಬರ್ನಿನ ಸಹೋದರಿಯವರು ಒಂದು ಕೆಲಸ ಮಾಡಲಿ. ಮರಿಯನ್ನು ತರುವ ಮುನ್ನ ಒಂದು ವಾರ ಖಾಲಿ ಪೆಟ್ಟಿಗೆಯಲ್ಲಿ ದೀಪಗಳನ್ನು ಉರಿಸಿ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎರಡೂ ತುದಿಗಳ ಕಾವನ್ನು ಮಗಳಿಂದಲೇ ಪುಸ್ತಕದಲ್ಲಿ ಬರೆಸಲಿ. ಅಂಕಿಗಳು ಸರಿಯಾಗುವವರೆಗೆ ಮರಿ ಮಾರುವವರ ಮನೆಯಲ್ಲಿಯೇ ಇರಲಿ.